ಎರಡು ಲಕ್ಷ ಗುಂಡುಗಳ ಲೆಕ್ಕ

ಮೊದಲ ಮಹಾಯುದ್ಧದ ನಡುವೆ, 1915ರ ಜನವರಿ 18ರಂದು ಜರ್ಮನ್ ಪೂರ್ವ ಆಫ್ರಿಕಾದ ಕರಾವಳಿಯ ಜಾಸಿನ್ ಠಾಣೆಯ ಮೇಲೆ ಅಲ್ಲಿನ ಜರ್ಮನ್ ಸೇನಾನಿ ಫಾನ್ ಲೆಟ್ಟೋ-ಫೋರ್ಬೆಕ್‌ನ ಒಂಬತ್ತು ತುಕಡಿಗಳು ಮುಗಿಬಿದ್ದವು. ಬ್ರಿಟಿಷರು ಗಡಿ ದಾಟಿ ಹಿಡಿದುಕೊಂಡಿದ್ದ ಆ ಠಾಣೆಯನ್ನು ಕಾಯುತ್ತಿದ್ದವರು ಸುಮಾರು 300 ಮಂದಿ. ಅವರಲ್ಲಿ ಹೆಚ್ಚಿನವರು ಕಾಶ್ಮೀರ ಸಂಸ್ಥಾನದ ರೈಫಲ್ಸ್ ಮತ್ತು 101ನೇ ಗ್ರೆನೇಡಿಯರ್ಸ್ ಪಡೆಗಳ ಭಾರತೀಯರು. ದಳಪತಿ ರಘುಬೀರ್ ಸಿಂಗ್ ಹೋರಾಟದಲ್ಲೇ ಮಡಿದರು. ಮರುದಿನ ಬೆಳಿಗ್ಗೆ ಮದ್ದುಗುಂಡು ಬರಿದಾಗಿ ಉಳಿದವರು ಶರಣಾದರು. ಇದನ್ನು ಜರ್ಮನ್ ಗೆಲುವೆಂದು ನಮೂದಿಸಿ ಮುಂದೆ ಸಾಗುವುದು ಸುಲಭ. ಆ ಷರಾ ಅರ್ಧ ಸತ್ಯ.

ಗೆದ್ದವನ ಲೆಕ್ಕವನ್ನೇ ನೋಡಿ. ಎರಡು ದಿನಗಳಲ್ಲಿ ಸುಟ್ಟ ಗುಂಡುಗಳು ಎರಡು ಲಕ್ಷ. ಗುಂಡೇಟು ತಿಂದವರಲ್ಲಿ ಸ್ವತಃ ಲೆಟ್ಟೋ-ಫೋರ್ಬೆಕ್ ಕೂಡ ಒಬ್ಬ. ನುರಿತ ಅಧಿಕಾರಿಗಳು ಸತ್ತರು, ಅವರ ಜಾಗಕ್ಕೆ ಜರ್ಮನಿಯಿಂದ ಇನ್ನೊಬ್ಬರು ಬರುವ ದಾರಿಯೇ ಇರಲಿಲ್ಲ. ಇಂಥ ಕಾಳಗವನ್ನು ಹೆಚ್ಚೆಂದರೆ ಇನ್ನು ಮೂರು ಸಲ ಮಾಡಬಹುದು ಎಂದು ಆತನೇ ನೆನಪುಗಳಲ್ಲಿ ಬರೆದುಕೊಂಡ. ನೇರ ಕಾದಾಟ ಬಿಟ್ಟು ರೈಲುಹಳಿ ಸ್ಫೋಟಿಸುವ, ಹೊಡೆದು ಮರೆಯಾಗುವ ಗೆರಿಲ್ಲಾ ಯುದ್ಧಕ್ಕೆ ಆತ ಹೊರಳಿದ್ದು ಇದರ ಬೆನ್ನಲ್ಲೇ. ಮುಂದೆ ಆತನಿಗೆ ದಂತಕಥೆಯ ಪಟ್ಟ ಕಟ್ಟಿದ ಆ ತಂತ್ರವನ್ನು ಬರೀ ಪ್ರತಿಭೆಯ ಫಲವೆನ್ನಲಾಗದು. ಸೋತವರು ಕೊನೆಯ ಗುಂಡಿನವರೆಗೂ ಬಿಡದೆ ಹಿಡಿದು ನಿಂತದ್ದೇ ಆತನನ್ನು ಅತ್ತ ತಳ್ಳಿತು.

ಸಮುದ್ರವನ್ನು ಬ್ರಿಟಿಷ್ ನೌಕಾಪಡೆ ಮುಚ್ಚಿತ್ತು, ಜಾಸಿನ್ ನಡೆಯದಿದ್ದರೂ ಆತ ಕಾಡು ಸೇರಲೇಬೇಕಿತ್ತು ಎಂಬ ವಾದವಿದೆ. ತಳ್ಳಿಹಾಕುವಂಥದ್ದಲ್ಲ. ಆದರೆ ಸಮುದ್ರದ ಮೇಲೆ ಆ ನೌಕಾಪಡೆಯ ಹಿಡಿತ ಜಾಸಿನ್‌ಗೂ ಹಿಂದಿನದು. ಅದು ಗೊತ್ತಿದ್ದೇ ಆತ ಅಷ್ಟು ತುಕಡಿಗಳನ್ನು ಒಂದೆಡೆ ಕಲೆಹಾಕಿದ. ಎರಡು ತಿಂಗಳ ಹಿಂದೆ ಟಾಂಗಾದಲ್ಲಿ ಬ್ರಿಟಿಷರ ಮೇಲೆ ಸಿಕ್ಕ ಅಗ್ಗದ ಜಯ, ವಶವಾದ ಲಕ್ಷಾಂತರ ಗುಂಡುಗಳು ಆ ಧೈರ್ಯ ಕೊಟ್ಟಿದ್ದವು. ಜಾಸಿನ್ ಅದನ್ನು ಇಳಿಸಿತು.

ಪರರ ಸಾಮ್ರಾಜ್ಯಕ್ಕಾಗಿ ಕಾದಿದವರನ್ನು ನಾವೇಕೆ ಕೊಂಡಾಡಬೇಕು ಎಂಬ ಆಕ್ಷೇಪಕ್ಕೂ ಉತ್ತರ ಬೇಕು. 1918ರ ಹೈಫಾ ಕಾಳಗದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಕೂಡ ಕಾಶ್ಮೀರದವರಂತೆ ಸಂಸ್ಥಾನದ ಪಡೆಯೇ. ಅವರನ್ನು ಅಭಿಮಾನದಿಂದ ನೆನೆಯುವ ನಾವು ಜಾಸಿನ್‌ಗೆ ಮಾತ್ರ ಈ ಪ್ರಶ್ನೆ ಎತ್ತಿದರೆ, ಅಡ್ಡಿಯಾದದ್ದು ಸಾಮ್ರಾಜ್ಯವಲ್ಲ, ಸೋಲು. ಅದಿರಲಿ, ನಾನು ಕೇಳುತ್ತಿರುವುದು ಸನ್ಮಾನವನ್ನಲ್ಲ, ಪೂರ್ತಿ ಲೆಕ್ಕವನ್ನು. ಆ ಲೆಕ್ಕ ಜಾಸಿನ್‌ನಲ್ಲೇ ಮುಗಿಯದು. ಲೆಟ್ಟೋ-ಫೋರ್ಬೆಕ್ ಶರಣಾದದ್ದು 1918ರ ನವೆಂಬರ್ 25ರಂದು, ಯುರೋಪಿನಲ್ಲಿ ಕದನವಿರಾಮವಾಗಿ ಎರಡು ವಾರಗಳ ಮೇಲೆ. ಅಷ್ಟು ವರ್ಷ ಎರಡೂ ಸೈನ್ಯಗಳ ಸಾಮಾನನ್ನು ತಲೆಯ ಮೇಲೆ ಹೊತ್ತವರು ಆಫ್ರಿಕನ್ ಕೂಲಿಗಳು. ಬ್ರಿಟಿಷರ ಕಡೆಯಲ್ಲೇ ರೋಗ, ಹಸಿವು, ದಣಿವಿನಿಂದ ಅವರಲ್ಲಿ ಸತ್ತವರು 90,000ಕ್ಕೂ ಹೆಚ್ಚೆಂದು ಅಂದಾಜು. 1919ರಲ್ಲಿ ಬರ್ಲಿನ್ ಲೆಟ್ಟೋ-ಫೋರ್ಬೆಕ್‌ಗೆ ವಿಜಯೋತ್ಸವದ ಸ್ವಾಗತ ನೀಡಿತು.