ಕವಡೆ ಮತ್ತು ಕಟ್ಟಳೆ

ಶ್ರಾವಣದ ಪಂಚಮಿ ಬಂದಿತೆಂದರೆ ಮಲಪ್ರಭೆಯ ದಂಡೆಯ ಊರುಗಳಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳ ಸಡಗರ ಹೇಳತೀರದು. ಮರಮರಕ್ಕೊಂದು ಜೋಕಾಲಿ, ಮನೆಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅರಳು. ನರಗುಂದದಿಂದ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಹೊಳೆ ದಾಟುವುದಕ್ಕೆ ಮುಂಚೆ ಸಿಗುವ ಕೊಣ್ಣೂರು ಅಂಥ ಊರುಗಳಲ್ಲೊಂದು.

ಅಲ್ಲಿಯ ಮನೆಯೊಂದರ ಪಡಸಾಲೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬೇಕು. ಹೊರಗೆ ಜಿಟಿಜಿಟಿ ಮಳೆ. ಜೋಕಾಲಿಯಾಡಲು ಬಿಡುವಿಲ್ಲ. ಮನೆಯ ಹಿರಿಯಳು ಸೀಮೆಸುಣ್ಣದ ತುಂಡಿನಿಂದ ನೆಲದ ಮೇಲೆ ಇಪ್ಪತ್ತೈದು ಮನೆಗಳ ಚೌಕವನ್ನು ಬರೆದು, ನಾಲ್ಕು ಕವಡೆಗಳನ್ನು ಕೈಯಲ್ಲಿ ಕುಲುಕುತ್ತ ಕುಳಿತಿದ್ದಾಳೆ. ಪಗಡೆಯ ಹಾಸು 2019ರ ಆಗಸ್ಟಿನ ನೆರೆಯಲ್ಲಿ ಹೊಳೆಯ ಪಾಲಾಯಿತು. ಚೌಕಾಬಾರಕ್ಕಾದರೋ ನೆಲವೇ ಸಾಕು. ಎದುರಿಗೆ ಗಜೇಂದ್ರಗಡಕ್ಕೆ ಕೊಟ್ಟ ಮಗಳು. ಪಕ್ಕದಲ್ಲಿ ಆ ಮಗಳ ಮಗ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ.

"ಆಯೀ, ಇಷ್ಟೆಲ್ಲಾ ಗೆರಿ ಯಾಕ ಕೊರೀತಿ? ಫೋನಿನ್ಯಾಗ ಆಡೂಣು. ಲೆಕ್ಕಾ ಎಲ್ಲಾ ಅದ ಮಾಡತೈತಿ" ಎಂದ ಹುಡುಗ.

"ಲೆಕ್ಕಾ ಅದ ಮಾಡಿದ್ರ ನಾವೇನ ಮಾಡೂದೋ ತಮ್ಮಾ?" ಎಂದಳು ಅಜ್ಜಿ.

ಆಟ ತೊಡಗಿ ಅರ್ಧ ತಾಸಾಗುವಷ್ಟರಲ್ಲಿ ವ್ಯಾಜ್ಯ ಹುಟ್ಟಿತು. ಮಗಳ ಕಾಯಿ ಹೊರಸುತ್ತನ್ನು ಮುಗಿಸಿ ಒಳಸುತ್ತಿಗೆ ಕಾಲಿಡುವುದರಲ್ಲಿತ್ತು. ಅಜ್ಜಿ ಕೈ ಅಡ್ಡ ಹಿಡಿದಳು: "ಒಂದರ ಕಾಯಿ ಹೊಡೀದ ಒಳಗ ಹ್ವಾದ್ರ ಅದೆಂಥಾ ಆಟ?" ಮಗಳು ಬಿಡಲಿಲ್ಲ: "ನಮ್ಮ ಅತ್ತಿ ಮನ್ಯಾಗ ಬಿಡತಾರವ್ವಾ." ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟಳು: "ಈ ಆಟ ನಿಮ್ಮ ಅತ್ತಿ ಮನೀ ಕಟ್ಟಳಿ. ಮುಂದಿಂದು ನಮ್ಮ ಕಟ್ಟಳಿ."

ಹುಡುಗನ ಕಣ್ಣಿಗೆ ಇದು ಕಾಲಹರಣ. ಆದರೆ ಆ ಹತ್ತು ನಿಮಿಷಗಳಲ್ಲಿ ಎರಡು ಊರುಗಳ ಪದ್ಧತಿಗಳು ಮುಖಾಮುಖಿಯಾದವು, ತಾಯಿಮಗಳ ನಡುವೆ ಒಂದು ಒಪ್ಪಂದ ಏರ್ಪಟ್ಟಿತು. ಆಟದ ತಿರುಳು ಇರುವುದು ಇಲ್ಲಿಯೇ. ಯಂತ್ರದೊಳಗೆ ಸೇರದೆ ಹೊರಗುಳಿದದ್ದೂ ಇದೇ.

ಚೌಕಾಬಾರದ ಲೆಕ್ಕ ಬಲು ಸರಳ. ಹೊರಸುತ್ತಿನಲ್ಲಿ ಹದಿನಾರು ಮನೆ, ಒಳಸುತ್ತಿನಲ್ಲಿ ಎಂಟು, ನಡುವೆ ಹಣ್ಣಾಗುವ ಮನೆ ಒಂದು. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂದರೆ ಎಂಟು. ಕವಡೆ ಎರಡು ಮಗ್ಗುಲಿಗೂ ಸಮವಾಗಿ ಬೀಳುವುದೆಂದು ಭಾವಿಸಿದರೆ, ಹದಿನಾರು ಎಸೆತಗಳಲ್ಲಿ ಸರಾಸರಿ ಆರು ಸಲ ಎರಡು ಬೀಳಬೇಕು. ಚೌಕವೂ ಬಾರವೂ ಒಂದೊಂದೇ ಸಲ. ಆದರೆ ನಿಜವಾದ ಕವಡೆ ಗಣಿತಶಾಸ್ತ್ರದ ಮಾತು ಕೇಳುವುದಿಲ್ಲ. ಒಂದರ ಬೆನ್ನು ಉಬ್ಬು, ಇನ್ನೊಂದರದು ಚಪ್ಪಟೆ. ಆದುದರಿಂದ ಪ್ರತಿಯೊಂದು ಮನೆಯ ಕವಡೆಗೂ ಅದರದೇ ಆದ ಸ್ವಭಾವವುಂಟು. ಕಟ್ಟಳೆಗಳೂ ಹಾಗೆಯೇ. ಜೋಡಿಯಾದ ಕಾಯಿ ಗಟ್ಟಿಯೋ ಅಲ್ಲವೋ, ಮೂರು ಸಲ ಒಂದೇ ಸಮನೆ ಬಾರ ಬಿದ್ದರೆ ಅದು ಭಾಗ್ಯವೋ ದಂಡವೋ, ಎಲ್ಲವೂ ಓಣಿಯಿಂದ ಓಣಿಗೆ ಬದಲಾಗುತ್ತವೆ. ಇವನ್ನು ಯಾರೂ ಬರೆದಿಟ್ಟವರಲ್ಲ. ಆಡುವವರ ಬಾಯಲ್ಲಿ ಉಳಿದು ಬಂದವು.

ಈ ಬಗೆಯ ಆಟಗಳ ವಂಶಾವಳಿ ಸಣ್ಣದಲ್ಲ. ಎಲ್ಲೋರದ ಗುಹೆಗಳ ಗೋಡೆಗಳಲ್ಲಿ ಶಿವಪಾರ್ವತಿಯರು ಪಗಡೆಯಾಡುತ್ತ ಕುಳಿತಿದ್ದಾರೆ. ಫತೇಪುರ ಸಿಕ್ರಿಯ ಅರಮನೆಯ ಅಂಗಳದಲ್ಲಿ ಕಲ್ಲುಹಾಸಿನ ಮೇಲೆಯೇ ಪಚೀಸಿಯ ಪಟವನ್ನು ರಚಿಸಲಾಗಿದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಆಟಗಳನ್ನು ಕಲ್ಪಿಸಿ, ಶ್ರೀತತ್ತ್ವನಿಧಿಯೆಂಬ ಬೃಹದ್ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಅವರ ಕಾಲದ ಗಂಜೀಫಾ ಎಲೆಗಳ ಕಟ್ಟೊಂದರಲ್ಲಿ 360 ಎಲೆಗಳಿದ್ದವೆಂದರೆ ಆ ಆಸಕ್ತಿಯ ಆಳ ತಿಳಿದೀತು. ಇನ್ನು ಕೊಣ್ಣೂರಿಗೆ ಈಗ ಜಿಲ್ಲಾಕೇಂದ್ರವಾಗಿರುವ ಗದುಗಿನಲ್ಲಿಯೇ ಕುಮಾರವ್ಯಾಸನು ದಾಳದ ಕೇಡನ್ನು ಸಭಾಪರ್ವದಲ್ಲಿ ಹಾಡಿ ಕನ್ನಡಿಗರನ್ನು ತಲೆಮಾರುಗಳ ಕಾಲ ಎಚ್ಚರಿಸಿದ. ಆದರೆ ಅಲ್ಲಿ ಕೆಟ್ಟದ್ದು ಪಣ, ಪಟವಲ್ಲ. ಹಣ ಕಟ್ಟಿ ಅಂತರ್ಜಾಲದಲ್ಲಿ ಆಡುವ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾನೂನಿನ ಮೂಲಕ ನಿಷೇಧಿಸಿದ್ದರ ಹಿಂದೆಯೂ ಈ ಹಳೆಯ ವಿವೇಕವೇ ಇದೆ.

ಪಚೀಸಿ ಸಮುದ್ರ ದಾಟಿ ಹೋಗಿ, 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂಬ ಹೆಸರಿನಿಂದ ಏಕಸ್ವಾಮ್ಯದ ಪತ್ರ ಪಡೆಯಿತು. ಕವಡೆ ಹೋಗಿ ಆರು ಮುಖದ ದಾಳ ಬಂತು. ಬಟ್ಟೆಯ ಹಾಸು ಹೋಗಿ ರಟ್ಟು ಬಂತು. ಕಟ್ಟಳೆಗಳು ಅಚ್ಚಾಗಿ ಡಬ್ಬಿಯೊಳಗೆ ಸೇರಿದವು. ಆ ಲೂಡೋ ಮರಳಿ ಭಾರತಕ್ಕೆ ಬಂದು, 2016ರಲ್ಲಿ ಲೂಡೋ ಕಿಂಗ್ ಎಂಬ ಅವತಾರದಲ್ಲಿ ಮೊಬೈಲನ್ನು ಹೊಕ್ಕಿತು. 2020ರ ದಿಗ್ಬಂಧನದ ದಿನಗಳಲ್ಲಿ ಅದು ಮನೆಮಾತಾಯಿತು. ಹತ್ತು ಕೋಟಿಗೂ ಹೆಚ್ಚು ಸಲ ಜನ ಅದನ್ನು ತಮ್ಮ ಫೋನುಗಳಿಗೆ ಇಳಿಸಿಕೊಂಡಿದ್ದಾರೆ. ದೂರದೂರಿನ ಬಂಧುಗಳನ್ನು ಅದು ಒಂದೇ ಪಟದ ಸುತ್ತ ಕೂಡಿಸಿತೆಂಬ ಉಪಕಾರವನ್ನು ಮರೆಯಲಾಗದು. ಆದರೂ ಅಲ್ಲಿ ಎಸೆಯುವ ಕೈ ಕಾಣುವುದಿಲ್ಲ. ಕವಡೆ ಓರೆಯಾಗಿ ನಿಂತಿತೆಂದು ಜಗಳವಾಡುವಂತಿಲ್ಲ. ನಮ್ಮ ಅತ್ತೆಯ ಮನೆಯಲ್ಲಿ ಬೇರೆ ರೀತಿ ಎಂದರೆ ಕೇಳುವವರಿಲ್ಲ. ಒಪ್ಪದ ನಡೆಯನ್ನು ಯಂತ್ರ ವಾದಿಸಿ ತಡೆಯುವುದಿಲ್ಲ. ಕಾಯಿಯನ್ನು ಕದಲಿಸಲು ಬಿಡುವುದೇ ಇಲ್ಲ.

ಇದು ಹಳ್ಳಿಯ ಆಟಗಳಿಗಷ್ಟೇ ಬಂದ ಗತಿಯೆಂದು ತಿಳಿಯಬೇಕಾಗಿಲ್ಲ. ಆ ಪಡಸಾಲೆಯ ಹುಡುಗನ ಚೀಲದಲ್ಲಿದ್ದ ಲ್ಯಾಪ್‌ಟಾಪಿನೊಳಗೆ ಇದಕ್ಕೆ ಹೋಲುವ ಇನ್ನೊಂದು ಕಥೆ ಅಡಗಿತ್ತು.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕೆಲವು ಗೆಳೆಯರು. ಒಬ್ಬ ವೀರ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಹೀಗೆ ಒಬ್ಬೊಬ್ಬರದು ಒಂದೊಂದು ಪಾತ್ರ. ಅವರೆದುರು ಕಥೆ ಹೇಳುವ ಸೂತ್ರಧಾರ. ನಡುವೆ ಇಪ್ಪತ್ತು ಮುಖಗಳ ದಾಳ. ಆಟಗಾರನು ಬಾಗಿಲನ್ನು ಮುರಿಯುತ್ತೇನೆನ್ನಬಹುದು, ತಟ್ಟುತ್ತೇನೆನ್ನಬಹುದು, ಕಾವಲುಗಾರನಿಗೆ ಸುಳ್ಳು ಹೇಳುತ್ತೇನೆನ್ನಬಹುದು. ಪುಸ್ತಕದಲ್ಲಿಲ್ಲದ ಉಪಾಯ ಹೂಡಿದರೆ ಸೂತ್ರಧಾರ ಒಂದು ಕ್ಷಣ ಯೋಚಿಸಿ, "ಆಗಲಿ, ದಾಳ ಎಸೆ" ಎನ್ನುವನು. ಕೊಣ್ಣೂರಿನ ಅಜ್ಜಿ ತೀರ್ಪು ಕೊಟ್ಟಳಲ್ಲ, ಆತನದು ಅದೇ ಪೀಠ.

ಈ ಆಟವನ್ನು ಗಣಕಯಂತ್ರಕ್ಕೆ ಕಲಿಸುವ ಯತ್ನ ಬೇಗನೆ ಆರಂಭವಾಯಿತು. 1981ರಲ್ಲಿ ವಿಝರ್ಡ್ರಿ, ಅಲ್ಟಿಮಾ ಎಂಬ ಆಟಗಳು ಹೊರಬಂದವು. 1988ರ ಪೂಲ್ ಆಫ್ ರೇಡಿಯನ್ಸ್ ಎಂಬ ಆಟದ ಏರ್ಪಾಟು ಸ್ವಾರಸ್ಯಕರವಾದುದು. ಆಗಿನ ಯಂತ್ರಗಳ ನೆನಪಿನ ಶಕ್ತಿ ಅಲ್ಪ. ಕಥೆಯ ದೀರ್ಘ ಭಾಗಗಳನ್ನು ಪುಸ್ತಿಕೆಯೊಂದರಲ್ಲಿ ಅಚ್ಚುಹಾಕಿಸಿ ಆಟದೊಡನೆ ಕೊಟ್ಟಿದ್ದರು. ಇಂಥ ಸಂಖ್ಯೆಯ ಭಾಗವನ್ನು ಓದಿಕೋ ಎಂದು ಯಂತ್ರ ಸೂಚಿಸುತ್ತಿತ್ತು. ಚಿತ್ರ ಬಡವಾಗಿತ್ತು, ಮಾತು ಶ್ರೀಮಂತವಾಗಿತ್ತು. 1997ರ ಫಾಲ್‌ಔಟ್, 1998ರ ಬಾಲ್ಡರ್ಸ್ ಗೇಟ್, 1999ರ ಪ್ಲೇನ್‌ಸ್ಕೇಪ್ ಟಾರ್ಮೆಂಟ್ ಈ ಪರಂಪರೆಯ ಶಿಖರಗಳು. ಕೊನೆಯದು ಆಡುವುದಕ್ಕಿಂತ ಓದುವುದೇ ಹೆಚ್ಚೆನ್ನುವಂಥ ಆಟ.

ಆಮೇಲೆ ಇಳಿಗಾಲ. ಕಾರಣಗಳು ನಿಗೂಢವಲ್ಲ. ಪರದೆಯ ಮೇಲೆ ಬರೆದ ಮಾತಿಗೆ ಖರ್ಚು ಕಡಿಮೆ. ಅದೇ ಮಾತನ್ನು ನಟನೊಬ್ಬನ ಕಂಠದಿಂದ ನುಡಿಸಬೇಕಾದರೆ ಪ್ರತಿ ವಾಕ್ಯಕ್ಕೂ ಸಂಬಳ. ಕಥೆಗೆ ಹತ್ತು ಕವಲುಗಳಿದ್ದು ಆಟಗಾರ ಒಂದನ್ನೇ ಹಿಡಿದರೆ, ಉಳಿದ ಒಂಬತ್ತಕ್ಕೆ ಸುರಿದ ಹಣ ವ್ಯರ್ಥವೆಂದು ವ್ಯಾಪಾರಿಯ ಲೆಕ್ಕ. ಮೇಲಾಗಿ ಆಟಗಳು ಮೇಜಿನ ಗಣಕಯಂತ್ರದಿಂದ ಟೀವಿಯ ಮುಂದಿನ ಸೋಫಾಕ್ಕೆ ಸರಿದವು. ಅಷ್ಟು ದೂರದಿಂದ ಪುಟಗಟ್ಟಲೆ ಓದುವವರಾರು? ಕವಲುಗಳು ಕುಗ್ಗಿದವು, ಚಿತ್ರ ಹಿಗ್ಗಿತು. ಫಾಲ್‌ಔಟಿನ ಎರಡನೆಯ ಭಾಗವನ್ನೂ ಟಾರ್ಮೆಂಟನ್ನೂ ರಚಿಸಿದ ಬ್ಲ್ಯಾಕ್ ಐಲ್ ಎಂಬ ಸಂಸ್ಥೆ 2003ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಹತ್ತಿರಹತ್ತಿರ ಹತ್ತು ವರ್ಷ ಆ ಬಗೆಯ ಆಟಗಳು ಹಳಬರ ಹಳಹಳಿಕೆಯಾಗಿಯೇ ಉಳಿದವು.

ಆದರೆ ಹಳಬರು ಹಳಹಳಿಸಿ ಸುಮ್ಮನಾಗಲಿಲ್ಲ. 2012ರಲ್ಲಿ ಇಂಥದೇ ಆಟವೊಂದನ್ನು ಮತ್ತೆ ರಚಿಸುತ್ತೇವೆಂದು ಅಮೆರಿಕದ ಅಬ್ಸಿಡಿಯನ್ ಸಂಸ್ಥೆ ಸಾರ್ವಜನಿಕರಿಂದ ನೇರವಾಗಿ ವಂತಿಗೆ ಬೇಡಿದಾಗ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿ ಸುಮಾರು 40 ಲಕ್ಷ ಡಾಲರು ಕೊಟ್ಟರು. 2023ರಲ್ಲಿ ಬೆಲ್ಜಿಯಂ ದೇಶದ ಲೇರಿಯನ್ ಸಂಸ್ಥೆ ಬಾಲ್ಡರ್ಸ್ ಗೇಟಿನ ಮೂರನೆಯ ಭಾಗವನ್ನು ಹೊರತಂದಿತು. ಆ ವರ್ಷದ ಶ್ರೇಷ್ಠ ಆಟವೆಂಬ ಪ್ರಶಸ್ತಿಯೂ ಅದಕ್ಕೆ ಸಂದಿತು. ಪೂರ್ಣ ಆಟ ಹೊರಬರುವುದಕ್ಕೆ ಮುಂಚೆ ಸುಮಾರು ಮೂರು ವರ್ಷ ಅದರ ಮೊದಲ ಭಾಗವನ್ನು ಆಟಗಾರರ ಕೈಗಿತ್ತು, ಅವರ ದೂರುಗಳಿಗೂ ಸಲಹೆಗಳಿಗೂ ಕಿವಿಗೊಟ್ಟಿದ್ದರು. ಇನ್ನೊಂದು ಸಂಗತಿ ಗಮನಾರ್ಹ. ಯಂತ್ರಕ್ಕೆ ದಾಳ ಬೇಕಿಲ್ಲ. ಅದು ಒಳಗೊಳಗೇ ಸಂಖ್ಯೆಯನ್ನು ಆರಿಸಿಕೊಳ್ಳಬಲ್ಲದು. ಆದರೂ ಈ ಆಟದಲ್ಲಿ ಪರದೆಯ ನಡುವೆ ಇಪ್ಪತ್ತು ಮುಖದ ದಾಳವನ್ನು ಉರುಳಿಸಿ ತೋರಿಸುತ್ತಾರೆ. ಬೀಳುವುದನ್ನು ಕಣ್ಣಾರೆ ಕಂಡರೆ ಸೋಲನ್ನೂ ಮನಸ್ಸು ಒಪ್ಪುತ್ತದೆ.

ಹಾಗಾದರೆ ಅಲ್ಲಿ ಕಳೆದುಹೋದದ್ದು ಮರಳಿ ಸಿಕ್ಕಿತು, ಇಲ್ಲಿಯೂ ಸಿಕ್ಕೀತೆಂದು ಸಮಾಧಾನಪಡಬಹುದೇ? ಒಂದು ವ್ಯತ್ಯಾಸವನ್ನು ಮರೆಯಬಾರದು. ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ ಕಟ್ಟಳೆಗಳು ಮೊದಲಿನಿಂದಲೂ ಅಚ್ಚಾದ ಪುಸ್ತಕಗಳಲ್ಲಿದ್ದವು. ಹಳೆಯ ಆಟಗಳ ಪ್ರತಿಗಳೂ ಉಳಿದಿದ್ದವು. ಮತ್ತೆ ಕಟ್ಟುವವನಿಗೆ ಅಡಿಪಾಯ ಸಿಕ್ಕಿತು. ಪಂಚಮಿಯ ಪಡಸಾಲೆಯ ಕಟ್ಟಳೆಗಾದರೋ ಅಜ್ಜಿಯ ನಾಲಗೆಯೇ ಗ್ರಂಥ, ಅವಳ ನೆನಪೇ ಭಂಡಾರ. ಆ ಭಂಡಾರ ಒಂದು ದಿನ ಮುಚ್ಚಿದರೆ ವಂತಿಗೆ ಎತ್ತಿ ತೆರೆಯಿಸುವಂತಿಲ್ಲ. ಪಗಡೆಯ ಹಾಸು ಹೊಳೆಗೆ ಹೋದರೆ ಹೊಸದನ್ನು ಹೊಲಿಯಬಹುದು. ಅದರ ಮೇಲೆ ಆಡುವ ರೀತಿ ಹೋದರೆ ಹೊಲಿಯುವ ಸೂಜಿಯಿಲ್ಲ.

ಈ ಅಪಾಯವನ್ನು ಕಂಡವರು ನಾಡಿನಲ್ಲಿ ಇಲ್ಲವೆಂದಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 2007ರಿಂದ ಕ್ರೀಡಾಕೌಶಲ್ಯವೆಂಬ ಪ್ರದರ್ಶನಗಳನ್ನು ನಡೆಸಿ, ಪಗಡೆ, ಚೌಕಾಬಾರ, ಹುಲಿಕುರಿ, ಅಳಗುಳಿಮಣೆಗಳ ಹಾಸುಗಳನ್ನೂ ಕಾಯಿಗಳನ್ನೂ ಹೊಸದಾಗಿ ಮಾಡಿಸಿ ಜನರ ಕೈಗೆ ತಲುಪಿಸಿದೆ. ಸ್ತುತ್ಯವಾದ ಕೆಲಸ. ಆದರೆ ಮಣೆಯನ್ನು ಮೈಸೂರಿನಿಂದ ತರಿಸಬಹುದೇ ಹೊರತು ಕೊಣ್ಣೂರಿನ ಓಣಿಯ ಕಟ್ಟಳೆಯನ್ನು ತರಿಸುವಂತಿಲ್ಲ. ಅದನ್ನು ಆ ಓಣಿಯವರೇ ಬರೆಯಬೇಕು.

ಬರೆದಿಡುವ ವಿಷಯದಲ್ಲಿ ಕೊಣ್ಣೂರಿಗೆ ಪಾಠ ಹೇಳಬೇಕಾಗಿಲ್ಲ. ಹಿಂದೆ ಕೊಳನೂರೆಂದು ಹೆಸರಾಗಿದ್ದ ಈ ಊರಿನ ಶಿಲಾಶಾಸನವು ವಿದ್ವಾಂಸರಿಗೆಲ್ಲ ಪರಿಚಿತ. ಶಕವರ್ಷ 782ರಲ್ಲಿ, ಎಂದರೆ ಕ್ರಿ.ಶ. 860ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷನು ತನ್ನ ದಂಡನಾಯಕ ಬಂಕೇಶನ ಪ್ರಾರ್ಥನೆಯಂತೆ ಇಲ್ಲಿಯ ಜಿನಾಲಯಕ್ಕೆ ಕೊಟ್ಟ ದತ್ತಿಯನ್ನು ಅದು ಹೇಳುತ್ತದೆ. ಆದರೆ ಈಗಿರುವ ಕಲ್ಲು ಆ ಕಾಲದ್ದಲ್ಲ. ಎಷ್ಟೋ ತಲೆಮಾರುಗಳ ತರುವಾಯ ಊರಿನ ಪ್ರಭುವೊಬ್ಬನ ಕೋರಿಕೆಯ ಮೇರೆಗೆ ಹಳೆಯ ತಾಮ್ರಪಟವನ್ನು ನೋಡಿ ಕಲ್ಲಿಗೆ ಇಳಿಸಲಾಯಿತೆಂದು ಶಾಸನವೇ ತಿಳಿಸುತ್ತದೆ. ತಾಮ್ರ ಇಂದು ಎಲ್ಲಿದೆಯೋ! ಕಲ್ಲು ಉಳಿದುದರಿಂದ ಮಾತು ಉಳಿಯಿತು. ಒಂದು ಆಸರೆ ಸವೆಯುವ ಮುನ್ನ ಮಾತನ್ನು ಇನ್ನೊಂದಕ್ಕೆ ದಾಟಿಸಬೇಕೆಂಬ ಬುದ್ಧಿ ಆ ಊರಿನವರಿಗೆ ಅಂದೇ ಇತ್ತು.

ಇಂದು ಕಲ್ಲು ಕಡೆಯಬೇಕಾಗಿಲ್ಲ. ಎರಡು ಹಾಳೆ ಕಾಗದ ಸಾಕು. ಈ ಸಲದ ಹಬ್ಬಕ್ಕೆ ಊರಿಗೆ ಹೋದ ಮಕ್ಕಳು ಅಜ್ಜಿಯೊಡನೆ ಒಂದು ಆಟ ಆಡಿ, ಆಡಿದಂತೆಯೇ ಬರೆದುಕೊಳ್ಳಲಿ: ಕವಡೆಗೆ ಅವರಿಟ್ಟ ಹೆಸರು, ಬಾರ ಬಿದ್ದಾಗ ಕೂಗುವ ಮಾತು, ಎಲ್ಲಿ ತಡೆ, ಎಲ್ಲಿ ವಿನಾಯಿತಿ. ಫೋನು ಕೈಯಲ್ಲಿದ್ದೇ ಇದೆ. ಅವಳ ದನಿಯನ್ನೇ ಹಿಡಿದಿಡಲೂ ಅದು ಬರುತ್ತದೆ. ಯಂತ್ರವನ್ನು ಹಳಿಯುವುದಕ್ಕಿಂತ ಅದರಿಂದ ಈ ಊಳಿಗ ಮಾಡಿಸಿಕೊಳ್ಳುವುದು ಜಾಣತನ.

ಪಡಸಾಲೆಯ ಹುಡುಗ ಹಾಗೆಯೇ ಮಾಡಿದ. ಎರಡನೆಯ ಆಟ ತೊಡಗುವಾಗ ನೋಟುಬುಕ್ಕು ತೆರೆದು, "ಆಯೀ, ಎಲ್ಲಾ ಕಟ್ಟಳಿ ಒಮ್ಮೆ ಹೇಳಿಬಿಡು, ಬರಕೋತೀನಿ" ಎಂದ.

ಅಜ್ಜಿ ಕವಡೆಗಳನ್ನು ಅವನ ಅಂಗೈಗೆ ಸುರಿದಳು. "ಹಂಗ ಕುಂತು ಹೇಳಾಕ ಬರೂದಿಲ್ಲೋ ತಮ್ಮಾ. ಕಾಯಿ ನಡದಾಗ ನೆನಪಾಗತಾವ. ಆಡು ಮೊದಲ."