ಸುಲಭವಾದ ದಾರಿಯ ಋಣ

ದುರ್ಗಮವಾದ ಶಿಖರವನ್ನೇರಿದವರನ್ನು ಲೋಕವು ಕೊಂಡಾಡುವುದು ಸಹಜವೇ. ಆದರೆ ಮಕ್ಕಳೂ ವೃದ್ಧರೂ ಆಯಾಸವಿಲ್ಲದೆ ನಡೆಯಬಲ್ಲ ದಾರಿಯನ್ನು ಅಲ್ಪವೆಂದೆಣಿಸುವುದು ಯುಕ್ತವಲ್ಲವೆಂಬುದು ನಮ್ಮ ಅಭಿಪ್ರಾಯವು. ಅಂತಹ ದಾರಿಯು ಕಾಡಿನ ವಿದ್ಯೆಯನ್ನು ಸಕಲರಿಗೂ ಹಂಚುತ್ತದೆ. ಅದರೊಡನೆ ಒಂದು ಹೊಣೆಯನ್ನೂ ಹೊರಿಸುತ್ತದೆ. ಇದಕ್ಕೆ ನಿದರ್ಶನವಾಗಿ ಆಸ್ಟ್ರೇಲಿಯಾ ಖಂಡದ ಈಚಮ್ ಸರೋವರವನ್ನು ನಮ್ಮ ಪೂರ್ವವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡುತ್ತೇವೆ.

ಈ ಸರೋವರವು ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಆಥರ್ಟನ್ ಪ್ರಸ್ಥಭೂಮಿಯಲ್ಲಿದೆ. ಭೂಗರ್ಭದಿಂದ ಮೇಲೇರಿದ ಬೆಂಕಿದ್ರವವು ಅಂತರ್ಜಲಕ್ಕೆ ತಗಲಲು, ಹಬೆಯು ಸಿಡಿದು ನೆಲದಲ್ಲಿ ಕುಳಿಯಾಯಿತು. ಮಳೆಯ ನೀರು ಅದನ್ನು ತುಂಬಿತು. ಆಳವು ಸುಮಾರು 65 ಮೀಟರು. ಇದಕ್ಕೆ ಹರಿದು ಬರುವ ಹೊಳೆಯೂ ಇಲ್ಲ, ಇದರಿಂದ ಹೊರಡುವ ಹೊಳೆಯೂ ಇಲ್ಲ. ದಡವನ್ನು ಬಳಸಿ, ಹೊರಟಲ್ಲಿಗೇ ಮರಳುವ ಕಾಲುದಾರಿಯು ಸುಮಾರು 3 ಕಿಲೋಮೀಟರು. ಸುತ್ತಲೂ ಮಳೆಕಾಡು ದಟ್ಟವಾಗಿ ನಿಂತಿದೆ. ಕಾಂಗರೂ ಕುಲದಲ್ಲಿ ಅತಿ ಚಿಕ್ಕದಾದ, ಇಲಿಯಂತೆ ತೋರುವ ಒಂದು ಪ್ರಾಣಿಯು ಅಲ್ಲಿ ಹಗಲಿನಲ್ಲಿಯೇ ಉದುರಿದ ಹಣ್ಣುಗಳನ್ನಾಯುತ್ತ, ತನಗರಿಯದಂತೆ ಬೀಜಗಳನ್ನು ಬಿತ್ತುತ್ತದೆ. ಪ್ರಸ್ಥಭೂಮಿಯ ಕಾಡಿನ ಬಹುಭಾಗವು ಮರಮುಟ್ಟಿಗಾಗಿಯೂ ಹೈನಿಗಾಗಿಯೂ ಕಡಿಯಲ್ಪಟ್ಟಿತು. 1934ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ತುಣುಕು ಉಳಿಯಿತು. 1988ರಲ್ಲಿ ಆ ಸೀಮೆಯ ಮಳೆಕಾಡುಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಅಲ್ಲಿಯ ಮೂಲನಿವಾಸಿಗಳು ಈ ಕುಳಿಸರೋವರಗಳ ಹುಟ್ಟಿನ ಕಥೆಯನ್ನು ತಲೆಮಾರುಗಳಿಂದ ಹೇಳುತ್ತ ಬಂದವರು. ನಿಯಮವನ್ನು ಮೀರಿದುದರಿಂದ ನೆಲವು ಬಿರಿಯಿತೆಂದೂ, ಆಗ ಅಲ್ಲಿ ದಟ್ಟವಾದ ಕಾಡಿರದೆ ಬಯಲುಕುರುಚಲು ಮಾತ್ರವಿತ್ತೆಂದೂ ಆ ಕಥೆಯ ಸಾರ. 1960ರ ದಶಕದಲ್ಲಿ ಭಾಷಾವಿದ್ವಾಂಸರಾದ ಡಿಕ್ಸನ್ನರು ಇದನ್ನು ಬರೆದಿಟ್ಟರು. ಸರೋವರದ ತಳದ ಕೆಸರಿನಲ್ಲಿ ಹುದುಗಿದ ಪರಾಗವನ್ನು ಪರೀಕ್ಷಿಸಿದವರು, ಅಲ್ಲಿಯ ಮಳೆಕಾಡು ಸುಮಾರು 7,600 ವರ್ಷಗಳಷ್ಟೇ ಹಳೆಯದೆಂದು ಅಂದಾಜು ಮಾಡಿದರು. ಅಕ್ಷರವಿಲ್ಲದವರ ನೆನಪು ಎಷ್ಟು ದೀರ್ಘವಾದುದೆಂಬುದನ್ನು ಅಕ್ಷರ ಕಲಿತ ನಾವು ವಿನಯದಿಂದ ತಿಳಿಯತಕ್ಕದ್ದು.

ಇನ್ನು ವ್ಯಸನದ ಮಾತು. ಈ ಸರೋವರದ ಹೆಸರನ್ನೇ ಹೊತ್ತ ಒಂದು ಪುಟ್ಟ ಕಾಮನಬಿಲ್ಲಿನ ಮೀನನ್ನು ವಿಜ್ಞಾನಿಗಳು 1982ರಲ್ಲಿ ಪ್ರತ್ಯೇಕ ಜಾತಿಯೆಂದು ವರ್ಣಿಸಿದರು. ಆ ದಶಕವು ಮುಗಿಯುವುದರೊಳಗೆ ಅದು ಸರೋವರದಲ್ಲಿ ಕಾಣದಾಯಿತು. ಬೇರೆ ಹೊಳೆಗಳಿಂದ ಜನರು ತಂದು ಬಿಟ್ಟ ಮೀನುಗಳು ಅದನ್ನು ತಿಂದು ತೀರಿಸಿದುವು. ಹೊಳೆಯಾಗಿದ್ದರೆ ತಪ್ಪಿಸಿಕೊಳ್ಳಲು ದಾರಿಯಿರುತ್ತಿತ್ತು. ಮುಚ್ಚಿದ ಸರೋವರದಲ್ಲಿ ಅದೂ ಇಲ್ಲ. ಮನೆಗಳ ಗಾಜಿನ ತೊಟ್ಟಿಗಳಲ್ಲಿ ಸಾಕಿದವರಿಂದ ಆ ಕುಲವು ಉಳಿಯಿತು. ಮುಂದೆ ಸಮೀಪದ ಕೆಲವು ತೊರೆಗಳಲ್ಲಿಯೂ ಅದು ದೊರೆಯಿತು.

ಕೊಡಲಿಯಿಂದ ಆದ ಹಾನಿಯು ಎಲ್ಲರ ಕಣ್ಣಿಗೂ ಬೀಳುತ್ತದೆ. ಇಲ್ಲಿಯಾದರೋ ಮರವೊಂದೂ ಬೀಳಲಿಲ್ಲ, ನೀರು ತಿಳಿಯಾಗಿಯೇ ಇತ್ತು. ಕೆಲವು ಮೀನುಗಳು ಹೆಚ್ಚಿದರೆ ಕೇಡೇನೆಂದು ಯಾರಾದರೂ ಕೇಳಬಹುದಾಗಿತ್ತು. ಹಾಗಾದರೆ ದಾರಿಯನ್ನು ಮುಚ್ಚಬೇಕೆಂದು ಕೆಲವರು ಹೇಳಿಯಾರು. ನಾವು ಅದನ್ನು ಒಪ್ಪಲಾರೆವು. ಕಾಡನ್ನು ಕಾಣದವರು ಅದನ್ನು ಕಾಯಲಾರರು. ದಾರಿಯು ತೆರೆದಿರಲಿ, ಆದರೆ ಏನನ್ನೂ ಕೊಂಡುಹೋಗಬಾರದೆಂಬ ಹಳೆಯ ಪಾಠದೊಡನೆ, ಏನನ್ನೂ ತಂದು ಬಿಡಬಾರದೆಂಬ ಪಾಠವನ್ನೂ ಬಾಲ್ಯದಲ್ಲಿಯೇ ಕಲಿಸತಕ್ಕದ್ದು.

ತಾಯಂದಿರೇ, ತಂದೆಗಳೇ, ನಿಮ್ಮ ಹೆಣ್ಣುಮಕ್ಕಳನ್ನು ಕಾಡಿಗೂ ನೀರಿನ ದಡಕ್ಕೂ ಕರೆದೊಯ್ಯಿರಿ. ಅವರು ಮೆಲ್ಲನೆ ನಡೆಯಲಿ, ನೋಡಲಿ, ಪ್ರಶ್ನೆ ಕೇಳಲಿ. ಸುಲಭವಾಗಿ ದೊರೆತುದನ್ನು ಹಗುರವಾಗಿ ಕಾಣದಿರುವುದೇ ವಿದ್ಯೆಯ ಲಕ್ಷಣವಲ್ಲವೇ?