ಹೆಸರು ಅರಸನದು, ಲೆಕ್ಕ ಯಾರದು?

ನಮ್ಮ ಬಳಗದಲ್ಲಿ ಆಗಾಗ ಒಂದು ಹೆಮ್ಮೆಯ ಮಾತು ಕೇಳಿಬರುತ್ತದೆ. ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ 129ನೆಯ ಸ್ಕ್ವಾಡ್ರನ್ನಿಗೆ ‘ಮೈಸೂರು’ ಎಂಬ ಹೆಸರಿತ್ತು, ಅದರ ಲಾಂಛನ ನಮ್ಮ ಗಂಡಭೇರುಂಡವಾಗಿತ್ತು ಎಂಬುದು ಆ ಮಾತು. ಹೈದರಾಬಾದಿನಲ್ಲಿ ನೆಲೆಸಿದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೈಸೂರಿಗೆ ಒಂದಾದರೆ ನಮ್ಮ ನಿಜಾಮರ ಹೆಸರಿನಲ್ಲಿ ಮೂರು ಎಂದು ಮೀಸೆ ತಿರುವುತ್ತಾರೆ. ಎರಡೂ ನಿಜ. ನನ್ನ ತಕರಾರು ಸಂಗತಿಯ ಬಗೆಗಲ್ಲ, ಈ ಹೆಮ್ಮೆಯ ಬಗೆಗೆ.

ಸ್ಕ್ವಾಡ್ರನ್ ಎಂದರೆ ಒಂದಷ್ಟು ವಿಮಾನಗಳ ಗುಂಪು ಮಾತ್ರವಲ್ಲ. ಅದಕ್ಕೆ ಸಂಖ್ಯೆಯಿದೆ, ಲಾಂಛನವಿದೆ, ಧ್ಯೇಯವಾಕ್ಯವಿದೆ, ಪ್ರತಿದಿನದ ಹಾರಾಟವನ್ನು ದಾಖಲಿಸುವ ದಿನಚರಿಯಿದೆ. ಆದ್ದರಿಂದಲೇ ಸ್ಕ್ವಾಡ್ರನ್ನಿನ ಚರಿತ್ರೆ ಒಂದು ಮನೆತನದ ಚರಿತ್ರೆಯಂತೆ ಬೆಳೆಯುತ್ತದೆ. ಆದರೆ ಮನೆತನದ ಚರಿತ್ರೆಯಲ್ಲಿ ಯಜಮಾನನ ಹೆಸರಿರುತ್ತದೆ, ಕಣಜ ತುಂಬಿದವನ ಹೆಸರಿರುವುದಿಲ್ಲ. ಇಲ್ಲಿಯೂ ಹಾಗೆಯೇ ಆಗಿದೆ.

1918ರ ಆಗಸ್ಟ್ ಕೊನೆಯಲ್ಲಿ 110ನೆಯ ಸ್ಕ್ವಾಡ್ರನ್ ಡಿ.ಎಚ್. 9ಎ ಬಾಂಬರುಗಳೊಡನೆ ಫ್ರಾನ್ಸಿಗೆ ಹೋಯಿತು. ಆ ವಿಮಾನಗಳು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕೊಡುಗೆ. ಪ್ರತಿಯೊಂದರ ಮೈಮೇಲೂ ದಾನಿಯ ಹೆಸರು, ‘ಹೈದರಾಬಾದ್’ ಎಂಬ ಶಬ್ದ, ಒಂದು ಕ್ರಮಸಂಖ್ಯೆ. ಜರ್ಮನಿಯ ನಗರಗಳ ಮೇಲೆ ಬಾಂಬು ಹಾಕುವುದು ಅದರ ಕಾರ್ಯ. ಯುದ್ಧ ಮುಗಿಯಲು ಇನ್ನು ಮೂರು ತಿಂಗಳೂ ಉಳಿದಿರಲಿಲ್ಲ. ಅಷ್ಟರಲ್ಲೇ 17 ವಿಮಾನಗಳು ಶತ್ರುವಿಗೆ ಬಲಿಯಾದವು, ಅಪಘಾತಗಳಲ್ಲಿ ಹಾಳಾದವು ಬೇರೆ. ಅವುಗಳಲ್ಲಿ ಒಂದು, ಎಫ್ 1010 ಸಂಖ್ಯೆಯದು, 1918ರ ಅಕ್ಟೋಬರ್ 5ರಂದು ಜರ್ಮನರ ಕೈಸೇರಿ, ಬರ್ಲಿನ್ನಿನ ವಸ್ತುಸಂಗ್ರಹಾಲಯವನ್ನು ಕಂಡು, ಪೋಲೆಂಡನ್ನು ಹಾದು, 1977ರಲ್ಲಿ ಲಂಡನ್ನಿಗೆ ಮರಳಿತು. ಇಂದಿಗೂ ಹೆಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು.

ಆ 1918 ದಖ್ಖನ್ನಿಗೆ ಎಂಥ ವರ್ಷ? ಮುಂಗಾರು ಕೈಕೊಟ್ಟ ವರ್ಷ; ಅದರ ಬೆನ್ನಿಗೇ ಇನ್‌ಫ್ಲುಯೆಂಜಾ ಊರೂರನ್ನು ಗುಡಿಸಿದ ವರ್ಷ. ಬೀದರ್, ಗುಲ್ಬರ್ಗಾ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳು ಆಗ ನಿಜಾಮರ ಬೊಕ್ಕಸಕ್ಕೆ ಕಂದಾಯ ಕಟ್ಟುತ್ತಿದ್ದವು. ಅಲ್ಲಿ ಆಡಳಿತದ ಭಾಷೆ ಉರ್ದು, ಅದೇ ವರ್ಷ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಗುಲ್ಬರ್ಗಾಕ್ಕೆ ಒಂದು ವಿಶ್ವವಿದ್ಯಾಲಯ ಬರಲು 1980ರವರೆಗೆ ಕಾಯಬೇಕಾಯಿತು. ಆ ಪ್ರದೇಶದ ಹಿಂದುಳಿದಿರುವಿಕೆಗೆ ಸಂವಿಧಾನದಲ್ಲಿಯೇ 371ಜೆ ಎಂಬ ವಿಶೇಷ ವಿಧಿಯನ್ನು ಸೇರಿಸಬೇಕಾಗಿ ಬಂದದ್ದು 2012ರಲ್ಲಿ. ವಿಮಾನಗಳಿಂದಲೇ ಈ ದಾರಿದ್ರ್ಯ ಬಂದಿತೆಂದು ನಾನು ವಾದಿಸುತ್ತಿಲ್ಲ. ಆದರೆ ಕೊಡುಗೈ ಅರಸರೆಂದು ಕೊಂಡಾಡುವಾಗ, ಆ ಕೈ ಯಾರ ಹೊಲದಿಂದ ತುಂಬಿತು ಎಂಬ ಪ್ರಶ್ನೆ ಏಳಲೇಬೇಕು.

ಅದು ನಿಜಾಮರ ಸ್ವಂತ ಹಣ ಎಂದು ಕೆಲವರು ಹೇಳಬಹುದು. ಸರ್ಫ್-ಎ-ಖಾಸ್ ಎಂಬ ಅವರ ಖಾಸಗಿ ಆಸ್ತಿಯೂ ಆಕಾಶದಿಂದ ಇಳಿದದ್ದಲ್ಲ. ಅದೂ ಭೂಮಿಯೇ, ಅದನ್ನು ಉತ್ತವನೂ ರೈತನೇ. ಲೆಕ್ಕಪತ್ರದಲ್ಲಿ ಖಾತೆಯ ಹೆಸರು ಬದಲಾದ ಮಾತ್ರಕ್ಕೆ ಬೆವರಿನ ಒಡೆತನ ಬದಲಾಗುವುದಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ 152 ಮತ್ತು 253ನೆಯ ಸ್ಕ್ವಾಡ್ರನ್ನುಗಳೂ ಹೈದರಾಬಾದಿನ ಹೆಸರು ಹೊತ್ತವು. 1940ರಲ್ಲಿ ಇಂಗ್ಲೆಂಡಿನ ಆಕಾಶದ ಕಾಳಗದಲ್ಲಿ 152 ಸ್ಪಿಟ್‌ಫೈರುಗಳೊಡನೆ, 253 ಹರಿಕೇನುಗಳೊಡನೆ ಹೋರಾಡಿದವು. 1941ರ ಜೂನಿನಲ್ಲಿ ಹುಟ್ಟಿದ ಮೈಸೂರು ಸ್ಕ್ವಾಡ್ರನ್ 1944ರಲ್ಲಿ ಹಿಟ್ಲರನ ಹಾರುಬಾಂಬುಗಳನ್ನು ಬೆನ್ನಟ್ಟಿತು. ಹಿಟ್ಲರನ ವಿರುದ್ಧದ ಯುದ್ಧ ನ್ಯಾಯದ ಯುದ್ಧವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ತರುಣ ವೈಮಾನಿಕರ ಶೌರ್ಯಕ್ಕೂ ನಾನು ತಲೆಬಾಗುತ್ತೇನೆ. ಆದರೆ ಆ ಶೌರ್ಯ ಅವರದು, ನಮ್ಮದಲ್ಲ. ಮೊದಲ ಮಹಾಯುದ್ಧದಲ್ಲಿ ಇಂದ್ರಲಾಲ್ ರಾಯ್‌ರಂತಹ ಬೆರಳೆಣಿಕೆಯ ಭಾರತೀಯರಿಗೆ ಮಾತ್ರ ವಿಮಾನವೇರುವ ಅವಕಾಶ ಸಿಕ್ಕಿತ್ತು. ಭಾರತೀಯ ವಾಯುಪಡೆ ಸ್ಥಾಪನೆಯಾದದ್ದು 1932ರಲ್ಲಿ. ಅದರ ಮೊದಲ ಸ್ಕ್ವಾಡ್ರನ್ 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ಆರಂಭವಾದಾಗ ಅದರ ಬಳಿ ಇದ್ದದ್ದು ನಾಲ್ಕು ಹಳೆಯ ವಾಪಿಟಿ ವಿಮಾನಗಳು. ಇಡೀ ಸ್ಕ್ವಾಡ್ರನ್ನುಗಳನ್ನೇ ದಾನವಿತ್ತ ದೇಶದ ಮಕ್ಕಳಿಗೆ ಉಳಿದ ಪಾಲು ಅಷ್ಟು.

152ನೆಯ ಸ್ಕ್ವಾಡ್ರನ್ನಿನ ಲಾಂಛನದಲ್ಲಿ ನಿಜಾಮರ ಶಿರೋಭೂಷಣವಿತ್ತು, ಧ್ಯೇಯವಾಕ್ಯ ‘ನಿಷ್ಠಾವಂತ ಮಿತ್ರ’ ಎಂದಿತ್ತು. ಇದು 1918ರಲ್ಲಿ ಬ್ರಿಟಿಷರು ನಿಜಾಮರಿಗೆ ದಯಪಾಲಿಸಿದ ಬಿರುದು. ಈ ಮೈತ್ರಿಯ ಬೆಲೆ ಎಷ್ಟೆಂಬುದು 1948ರಲ್ಲಿ ತಿಳಿಯಿತು. ಮೂರು ಸ್ಕ್ವಾಡ್ರನ್ನುಗಳಿಗೆ ಹೆಸರಿತ್ತ ಅರಸರ ಬಳಿ ತಮ್ಮದೆನ್ನುವ ಒಂದು ಯುದ್ಧವಿಮಾನವೂ ಇರಲಿಲ್ಲ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ಸಾಹಸಿ ಕರಾಚಿಯಿಂದ ಕಳ್ಳತನದಲ್ಲಿ ಹಾರಿಸಿ ತಂದ ಬಂದೂಕುಗಳು ಬೀದರ್, ವರಂಗಲ್ ನಿಲ್ದಾಣಗಳಲ್ಲಿ ಇಳಿಯುತ್ತಿದ್ದವು. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದಾಗ ಮೇಲೆ ಹಾರಿದವು ಭಾರತೀಯ ವಾಯುಪಡೆಯ ಟೆಂಪೆಸ್ಟುಗಳು; ಐದು ದಿನಗಳಲ್ಲಿ ಎಲ್ಲವೂ ಮುಗಿಯಿತು. ನಿಷ್ಠಾವಂತ ಮಿತ್ರನಿಗಾಗಿ ಲಂಡನ್ನಿನಿಂದ ಯಾರೂ ಹಾರಿ ಬರಲಿಲ್ಲ. ಬಾರದಿದ್ದುದು ನಮ್ಮ ಪುಣ್ಯ. ಮಲಯದ ಕಾಡುಗಳಲ್ಲಿ ಸಾಮ್ರಾಜ್ಯದ ಕೊನೆಯ ಕೆಲಸಗಳನ್ನು ಮಾಡಿದ 110ನೆಯ ಸ್ಕ್ವಾಡ್ರನ್ ಕೂಡ 1971ರಲ್ಲಿ ವಿಸರ್ಜನೆಗೊಂಡಿತು. ಆ ದಾನದಿಂದ ಇಂದು ಇಲ್ಲಿ ಉಳಿದದ್ದು ಒಂದು ಮೊಳೆಯೂ ಇಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಲೆಕ್ಕವನ್ನು ನೋಡೋಣ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದಾಗ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರ್ಕಾರ 700 ಎಕರೆ ಭೂಮಿಯನ್ನೂ 25 ಲಕ್ಷ ರೂಪಾಯಿಯನ್ನೂ ಕೊಟ್ಟಿತು. ಅದೂ ಪ್ರಜೆಗಳ ಹಣವೇ. ಆದರೆ ಅದು ಕಾರ್ಖಾನೆಯಾಯಿತು, ಕಸುಬಾಯಿತು, ಸಾವಿರಾರು ಮನೆಗಳ ಅನ್ನವಾಯಿತು. ಗಂಡಭೇರುಂಡದ ಲಾಂಛನಕ್ಕಿಂತ ಈ 25 ಲಕ್ಷ ನಮ್ಮ ಹೆಮ್ಮೆಗೆ ಹೆಚ್ಚು ಅರ್ಹ. ಇದರ ಬಗೆಗೆ ನಮ್ಮ ಸಭೆಗಳಲ್ಲಿ ಎಷ್ಟು ಮಾತು ಕೇಳಿದ್ದೇವೆ?

ಇನ್ನು ನಮ್ಮವರೇ ಆದ ವೀರರ ಚರಿತ್ರೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಅದೇ ಮೊದಲನೆಯ ಸ್ಕ್ವಾಡ್ರನ್ನಿನೊಡನೆ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲಿನ ದಾಳಿಗೆ ಹೊರಟರು. ಅವರದು ಮಿಸ್ಟೇರ್, ಎದುರಾದದ್ದು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್. ದೇವಯ್ಯನವರು ಅದನ್ನು ಹೊಡೆದುರುಳಿಸಿದರು. ಅದರ ಚಾಲಕ ಹೊರಕ್ಕೆ ಹಾರಿ ಬದುಕಿಕೊಂಡ, ದೇವಯ್ಯನವರು ಮರಳಲಿಲ್ಲ. ಈ ಸಂಗತಿ ನಮಗೆ ತಿಳಿದದ್ದು ನಮ್ಮ ಕಡತಗಳಿಂದಲ್ಲ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಮರಣೋತ್ತರ ಮಹಾವೀರಚಕ್ರ ಬಂದದ್ದು 1988ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷಗಳ ಬಳಿಕ. ಪರರ ಸ್ಕ್ವಾಡ್ರನ್ನಿನ ಲಾಂಛನ ನಮಗೆ ಬಾಯಿಪಾಠ, ನಮ್ಮವನ ಸಾವಿನ ಸತ್ಯವನ್ನು ಪರರು ಬಂದು ಹೇಳಬೇಕು! ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೇ?

ಆದುದರಿಂದ ನನ್ನ ವಾದ ಇಷ್ಟೇ. ಸ್ಕ್ವಾಡ್ರನ್ನುಗಳ ಚರಿತ್ರೆಯನ್ನು ನಾವು ಕನ್ನಡದಲ್ಲಿ, ನಮ್ಮ ಕಡೆಯಿಂದ ಬರೆಯಬೇಕು. ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ಒಂದು ಪಾಠ ಚೆನ್ನಾಗಿ ಗೊತ್ತು: ಜಮೆಯ ಬದಿಯನ್ನು ಮಾತ್ರ ತೋರಿಸುವ ಲೆಕ್ಕಕ್ಕೆ ಸಹಿ ಹಾಕಬಾರದು. ಖರ್ಚಿನ ಬದಿ ಈ ಊರಿನಲ್ಲೇ ಇದೆ. ತಾರ್ನಾಕದ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ನಿಜಾಮರ ಆಡಳಿತದ ಕಡತಗಳು ಉರ್ದು, ಪಾರಸಿಗಳಲ್ಲಿ ಕುಳಿತಿವೆ. ಅವನ್ನು ಓದಬಲ್ಲ ನಾಲ್ವರು ಕನ್ನಡದ ತರುಣರನ್ನು ಸಂಘಗಳು ಸಿದ್ಧಪಡಿಸಲಿ; ರಾಜ್ಯೋತ್ಸವದ ಒಂದು ವರ್ಷದ ಹಾರತುರಾಯಿಯ ಹಣ ಅದಕ್ಕೆ ಸಾಕು. ಗುಲ್ಬರ್ಗಾ ಸುಬೆಯಿಂದ ಎರಡು ಯುದ್ಧಗಳಿಗೆ ಏನು ಹೋಯಿತು, ಹೇಗೆ ವಸೂಲಾಯಿತು ಎಂಬುದನ್ನು ಅವರು ಹುಡುಕಲಿ.

ಬೀದರಿನ ಆಕಾಶದಲ್ಲಿ ಇಂದು ಭಾರತೀಯ ವಾಯುಪಡೆಯ ಸೂರ್ಯಕಿರಣ ತಂಡ ಹಾರುತ್ತದೆ. ಅದನ್ನು ತಲೆಯೆತ್ತಿ ನೋಡುವ ಅಲ್ಲಿನ ರೈತನ ಮುತ್ತಜ್ಜನೂ ವಿಮಾನಗಳಿಗೆ ಹಣ ತೆತ್ತವನೇ. ವ್ಯತ್ಯಾಸವೆಂದರೆ, ಅವನನ್ನು ಯಾರೂ ಕೇಳಿರಲಿಲ್ಲ, ಅವನಿಗೆ ಯಾರೂ ತಿಳಿಸಿರಲೂ ಇಲ್ಲ. ಈಗಲಾದರೂ ಅವನ ಮೊಮ್ಮಕ್ಕಳಿಗೆ ತಿಳಿಸುವ ಹೊಣೆ ನಮ್ಮದು.